ಗೋಡೆಯ ಮೇಲೆ ಕುಶಲ ಕೇಳುವ ಚಿಕ್ಕಮ್ಮ

ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಯೊಂದರಲ್ಲಿ ಸ್ಪ್ರೇ ಡಬ್ಬಿಯ ಹದಿನೇಳು ನಾಜಲ್‌ಗಳು ತಿನ್ನರಿನಲ್ಲಿ ಮುಳುಗಿವೆ. ಹದಿನಾರು ಬಿಳಿ, ಒಂದು ಹಳದಿ. ಬಾಟಲಿಯ ಮೇಲೆ ‘ಮಾವಿನಕಾಯಿ’ ಎಂಬ ಹಳೆಯ ಚೀಟಿ ಇನ್ನೂ ಅಂಟಿಕೊಂಡಿದೆ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಅಲ್ಲ’ ಎಂದು ಬರೆದಿದೆ.

ಕಾಡುಗೋಡಿಯ ನಮ್ಮ ಮನೆಯ ಸಿಂಕಿನ ಕೆಳಗೆ ಈ ಬಾಟಲಿ ಆರು ವರ್ಷಗಳಿಂದ ಕೂತಿದೆ. ಇದರ ಒಡತಿ ನನ್ನ ತಾಯಿಯ ತಂಗಿ, ಊರಿನ ಗೋಡೆಗಳ ಮೇಲೆ ಸ್ಪ್ರೇ ಡಬ್ಬಿಯಿಂದ ಬರೆಯುವವಳು. ಹಾಗೆ ಬರೆಯುವವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಕೇಳಿದ್ದೇನೆ. ನಮ್ಮ ಚಿಕ್ಕಮ್ಮನನ್ನು ಹಿಡಿಯಲು ಬರುವುದಾದರೆ, ಅವಳೇ ಮುಂಚಿತವಾಗಿ ಫೋನ್ ಮಾಡಿ, ‘ಜೀಪನ್ನು ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸಿ, ಬಣ್ಣ ಸಿಡಿಯುತ್ತದೆ’ ಎಂದು ಹೇಳಿಯಾಳು. ಇಷ್ಟು ಸಭ್ಯವಾಗಿ ಗೋಡೆ ಕೆಡಿಸುವವರು ಈ ನಗರದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬರೆದುಕೊಡಬಲ್ಲೆ!

ಮಿಕ್ಕವರು ರಾತ್ರಿ ಕದ್ದು ಬರೆಯುತ್ತಾರಂತೆ. ಚಿಕ್ಕಮ್ಮ ಬರೆಯುವುದು ಭಾನುವಾರ ಬೆಳಿಗ್ಗೆ ಆರೂವರೆಗೆ, ಸ್ನಾನ ಮಾಡಿ, ಕಾಫಿ ಕುಡಿದು. ಆ ಹೊತ್ತಿಗೆ ಗಾಳಿ ಕಡಿಮೆ. ಗೋಡೆಯ ಯಜಮಾನರನ್ನು ಹಿಂದಿನ ವಾರವೇ ಕೇಳಿರುತ್ತಾಳೆ. ಪಕ್ಕದ ಅಂಗಡಿಯವನನ್ನು ಹಿಂದಿನ ದಿನ ಕೇಳಿರುತ್ತಾಳೆ. ಗೋಡೆಯ ಬುಡದಲ್ಲಿ ನಾಯಿ ಮಲಗಿದ್ದರೆ ಅದನ್ನು ಅಲ್ಲೇ ಕೇಳುತ್ತಾಳೆ. ನಾಯಿ ಒಪ್ಪದಿದ್ದರೆ? ಮುಂದಿನ ಭಾನುವಾರ.

ಬಣ್ಣದ ವಿದ್ಯೆ ಅವಳಿಗೆ ಕಾರ್ಖಾನೆಯಿಂದ ಬಂದದ್ದು. ಮಹದೇವಪುರದ ಕಡೆ ಕರೆಂಟಿನ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆಯೊಂದರ ಪೇಂಟ್ ವಿಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದಾಳೆ. ವಾರಕ್ಕೆ ಆರು ದಿನ ಬೂದು ಬಣ್ಣ. ಬೇರೆ ಬಣ್ಣವೇ ಇಲ್ಲವೆಂದಲ್ಲ, ತಿಳಿಬೂದು ಎಂಬುದೂ ಒಂದಿದೆ. ಸೇರಿದ ಹೊಸತರಲ್ಲಿ ಪೆಟ್ಟಿಗೆಗಳ ಮೇಲೆ ಕೆಂಪಿನಲ್ಲಿ ‘ಅಪಾಯ’ ಎಂದು ಮೂಡಿಸಲು ಒಂದು ತಗಡಿನ ಅಚ್ಚು ಇತ್ತಂತೆ. ಅದರಲ್ಲಿ ‘ಪಾ’ ಎಷ್ಟು ಸೊಟ್ಟಗಿತ್ತೆಂದರೆ, ಓದಿದವರಿಗೆ ಕರೆಂಟಿಗಿಂತ ಅಕ್ಷರದ ಭಯವೇ ಹೆಚ್ಚಾಗುತ್ತಿತ್ತು. ಚಿಕ್ಕಮ್ಮ ಊಟದ ಬಿಡುವಿನಲ್ಲಿ ಕೂತು ಹೊಸ ಅಚ್ಚು ಕತ್ತರಿಸಿದಳು. ಸೂಪರ್‌ವೈಸರ್ ನೋಡಿ, “ಯಾರ್ ಹೇಳಿದ್ರು ಮಾಡು ಅಂತ?” ಎಂದರು. “ಯಾರೂ ಹೇಳ್ಲಿಲ್ಲ ಸಾರ್, ಅದಕ್ಕೇ ಇಷ್ಟು ದಿನ ಹಂಗಿತ್ತು,” ಎಂದಳು.

ಇವತ್ತಿಗೂ ರಿಂಗ್ ರಸ್ತೆಯ ಉದ್ದಕ್ಕೂ ಎಷ್ಟೋ ಪೆಟ್ಟಿಗೆಗಳ ಮೇಲೆ ಅವಳ ‘ಅಪಾಯ’ವಿದೆ. ನಮ್ಮ ಮನೆತನದ ಸಮಗ್ರ ಸಾಹಿತ್ಯ ಈ ಒಂದು ಪದ. ಬಸ್ಸಿನ ಕಿಟಕಿಯಿಂದ ಅದನ್ನು ಕಂಡಾಗಲೆಲ್ಲ ನಾನು ಒಳಗೊಳಗೇ ಹಿಗ್ಗುತ್ತೇನೆ. ಪಕ್ಕದ ಸೀಟಿನವರಿಗೆ ಹೇಳುವುದಿಲ್ಲ. ಅಪಾಯ ಎಂಬ ಫಲಕ ನೋಡಿ ನಗುವ ಹೆಂಗಸಿನ ಪಕ್ಕ ಯಾರು ತಾನೇ ಕೂತಾರು?

ಆದರೆ ಅಚ್ಚು ಅವಳಿಗೆ ಒಗ್ಗಲಿಲ್ಲ. ತಗಡಿನಲ್ಲಿ ಕತ್ತರಿಸುವಾಗ ಅಕ್ಷರದ ಹೊಟ್ಟೆ ಉದುರಿ ಬೀಳಬಾರದೆಂದು ಅಲ್ಲಲ್ಲಿ ಪಟ್ಟಿ ಬಿಡಬೇಕು. “ಮುರಿದ ಕೈಗೆ ಕಟ್ಟು ಹಾಕ್ದಂಗೆ ಕಾಣುತ್ತೆ ಕಣೇ,” ಎನ್ನುತ್ತಿದ್ದಳು. ಒಂದು ಭಾನುವಾರ ಅಚ್ಚಿಲ್ಲದೆ, ನಮ್ಮ ಹಿತ್ತಲಿನ ಗೋಡೆಯ ಮೇಲೆ ನೀಲಿ ಡಬ್ಬಿಯಿಂದ ಒಂದು ‘ಅ’ ಬರೆದಳು. ಅಮ್ಮ ಬಂದು ನೋಡಿ, “ಬಟ್ಟೆ ಒಣಗಿಹಾಕೋ ಗೋಡೆ ಅದು,” ಎಂದಳು. “ಅದಕ್ಕೇ ಒಂದೇ ಅಕ್ಷರ ಬರೆದೆ ಅಕ್ಕ, ಸೀರೆ ಹಾಕಿದ್ರೆ ಮುಚ್ಚೋಗುತ್ತೆ,” ಎಂದಳು. ಅಮ್ಮ ಆವತ್ತಿನಿಂದ ಆ ಜಾಗದಲ್ಲಿ ಸೀರೆ ಹಾಕಿಲ್ಲ, ಕರವಸ್ತ್ರ ಮಾತ್ರ.

ಅವಳ ವಿಧಾನವನ್ನು ಸ್ವಲ್ಪ ಹೇಳಬೇಕು. ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಯಂತ್ರಗಳ ಬಳಕೆಯ ಕೈಪಿಡಿ ಬರೆಯುವವಳು. ಕ್ರಮ ತಪ್ಪಿದರೆ ನನಗೆ ನಿದ್ದೆ ಬರುವುದಿಲ್ಲ. ಮೊದಲು ಊದುಬತ್ತಿ. ಗೋಡೆಯ ಬಿರುಕಿನಲ್ಲಿ ಒಂದನ್ನು ಸಿಕ್ಕಿಸಿ ಹಚ್ಚುತ್ತಾಳೆ. ಹೊಗೆ ಯಾವ ಕಡೆ ವಾಲುತ್ತದೋ ಗಾಳಿ ಆ ಕಡೆ. ಆಮೇಲೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾಳೆ. ಒಳಗಿನ ಗೋಲಿ ಮೊದಲು ಠಣಠಣ ಎನ್ನುತ್ತದೆ, ಬಣ್ಣ ಹದಕ್ಕೆ ಬಂದ ಮೇಲೆ ದನಿ ಮೆತ್ತಗಾಗುತ್ತದೆ. ದೂರಕ್ಕೆ ಅವಳ ಅಳತೆ ಒಂದು ಗೇಣು. “ಒಂದು ಗೇಣು ದೂರ ಇದ್ರೆ ಬಣ್ಣ ಕೂರುತ್ತೆ. ಅರ್ಧ ಗೇಣಾದ್ರೆ ಅಳುತ್ತೆ. ಎರಡು ಗೇಣಾದ್ರೆ ಮುನಿಸ್ಕೊಂಡು ಹಾರೋಗುತ್ತೆ.” ಕೊನೆಗೆ ಡಬ್ಬಿಯನ್ನು ತಲೆಕೆಳಗು ಮಾಡಿ ಒಮ್ಮೆ ಒತ್ತಿ ನಾಜಲ್ ಸ್ವಚ್ಛಮಾಡುತ್ತಾಳೆ. ಇದಕ್ಕೆ ಅವಳಿಟ್ಟ ಹೆಸರು ‘ಮೂಗು ಸೀಟಿಸುವುದು’.

ಈ ಊದುಬತ್ತಿಯಿಂದ ಒಮ್ಮೆ ಫಜೀತಿಯಾಯಿತು. ಸಂತೆ ರಸ್ತೆಯ ಮೂಲೆಯಲ್ಲಿ ಒಂದು ಗೋಡೆ. ಗಂಡಸರು ಅದಕ್ಕೆ ಬಹಳ ಕಾಲದಿಂದ ನೀರೆರೆಯುತ್ತಿದ್ದರು. ಗಾಳಿ ಸರಿಹೋಗದೆ ಚಿಕ್ಕಮ್ಮ ಮೂರು ಭಾನುವಾರ ಅಲ್ಲಿ ಬರೀ ಊದುಬತ್ತಿ ಹಚ್ಚಿ ವಾಪಸು ಬಂದಳು. ಎರಡನೆಯ ವಾರ ಬಿರುಕಿಗೆ ಯಾರೋ ಕುಂಕುಮ ಇಟ್ಟಿದ್ದರು. ಮೂರನೆಯ ವಾರ ದಾಸವಾಳ ಇತ್ತು. ನಾಲ್ಕನೆಯ ವಾರ ನಾವು ಹೋದಾಗ ಒಬ್ಬ ಅಜ್ಜಿ ತೆಂಗಿನಕಾಯಿ ಒಡೆದು, “ಯಾವ ದೇವ್ರಮ್ಮ ಇದು?” ಎಂದು ಚಿಕ್ಕಮ್ಮನನ್ನೇ ಕೇಳಿದರು. ಚಿಕ್ಕಮ್ಮ ಗಾಬರಿಯಾಗಿ, “ಇನ್ನೂ ಗೊತ್ತಾಗಿಲ್ಲ ಅಜ್ಜಿ,” ಎಂದಳು. ನೀರೆರೆಯುವುದಂತೂ ಅಂದಿಗೆ ನಿಂತಿತು. ಅದೇ ದಿನ ಆ ಗೋಡೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಬರೆದಳು: ‘ಏನ್ ಬೇಕಿತ್ತು?’ ಪಕ್ಕದ ದಿನಸಿ ಅಂಗಡಿಯವನು ಅದು ತನ್ನ ಜಾಹೀರಾತೆಂದುಕೊಂಡಿದ್ದಾನೆ. ಅಜ್ಜಿ ದೇವರ ಮಾತೆಂದುಕೊಂಡಿದ್ದಾರೆ. ಇಬ್ಬರಿಗೂ ತೃಪ್ತಿ.

ಹೌದು, ಚಿಕ್ಕಮ್ಮ ಪ್ರಶ್ನೆಗಳನ್ನು ಮಾತ್ರ ಬರೆಯುತ್ತಾಳೆ. ಹೆಸರು ಬರೆಯುವುದಿಲ್ಲ, ಘೋಷಣೆ ಬರೆಯುವುದಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ. “ನೋಡು, ಗೋಡೆ ಮೇಲೆ ಎಲ್ಲಾರೂ ಬರೀ ಗದರಿಸ್ತಾರೆ. ಇಲ್ಲಿ ಗಾಡಿ ನಿಲ್ಲಿಸ್ಬೇಡಿ, ಕಸ ಹಾಕ್ಬೇಡಿ, ಪೋಸ್ಟರ್ ಅಂಟಿಸ್ಬೇಡಿ. ಒಬ್ರಾದ್ರೂ ವಿಚಾರಿಸ್ಕೋಬೇಡ್ವಾ?” ಹಾಗಾಗಿ ಬೆಳಿಗ್ಗೆ ಕೂಲಿಗೆ ಕಾಯುವವರು ನಿಲ್ಲುವ ಜಾಗದಲ್ಲಿ ‘ಊಟ ಆಯ್ತಾ?’ ಎಂದು ಬರೆದಳು. ನೋಡುತ್ತ ನಿಂತಿದ್ದವರಲ್ಲಿ ಒಬ್ಬ, ರಾಯಚೂರಿನ ಕಡೆಯವನು, ಹತ್ತಿರ ಬಂದು ಹೇಳಿದ:

“ಅಕ್ಕಾರ, ಚಲೋ ಆಗ್ಯದ. ಆದ್ರ ನಮ್ ಕಡಿ ಹಿಂಗ ಕೇಳಂಗಿಲ್ರಿ.”

“ಮತ್ತೆ ಹೆಂಗ್ ಕೇಳ್ತೀರಾ?”

“ಊಟ ಆತೇನ್ರಿ ಅಂತೀವಿ.”

ಚಿಕ್ಕಮ್ಮ ಅದನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಮುಂದಿನ ಭಾನುವಾರ ಎದುರಿನ ಗೋಡೆಯ ಮೇಲೆ, ಅಷ್ಟೇ ಎತ್ತರಕ್ಕೆ, ‘ಊಟ ಆತೇನ್ರಿ?’ ಎಂದು ಮೂಡಿತು. ಆತ ಅದರ ಮುಂದೆ ನಿಂತು ಊರಿಗೆ ವಿಡಿಯೊ ಕಾಲ್ ಮಾಡಿ ತಾಯಿಗೆ ತೋರಿಸಿದ. ಫೋನಿನೊಳಗಿಂದ ಆಕೆ, “ಆತೇಳಪ್ಪ, ನಿಂದು?” ಎಂದದ್ದು ನಮಗೂ ಕೇಳಿಸಿತು.

ಇಲ್ಲಿ ಅವಳ ಇನ್ನೊಂದು ಚಾಳಿ ಹೇಳಿಬಿಡುತ್ತೇನೆ. ಬರೆದು ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು, ಪ್ರಶ್ನೆಯನ್ನು ಓದಿ, ಗಟ್ಟಿಯಾಗಿ ಉತ್ತರ ಕೊಡುತ್ತಾಳೆ. “ಊಟ ಆಯ್ತು.” “ಏನೂ ಬೇಡ.” ಗೋಡೆ ಅಷ್ಟು ಮರ್ಯಾದೆಯಿಂದ ಕೇಳಿದ ಮೇಲೆ ಸುಮ್ಮನೆ ಹೋಗುವುದು ಸರಿಯಲ್ಲವಂತೆ. ಆ ಕ್ಷಣದಲ್ಲಿ ನಾನು ಹತ್ತು ಹೆಜ್ಜೆ ದೂರ ಸರಿದು ಫೋನ್ ನೋಡುವವಳ ಹಾಗೆ ನಿಲ್ಲುತ್ತೇನೆ. ನಾಲ್ಕು ಜನರ ನಡುವೆ ಕೆಮ್ಮಲೂ ನಾಚುವವಳು ನಾನು. ಗೋಡೆಯ ಜೊತೆ ಮಾತಾಡುವುದೆಂದರೆ!

ಬಣ್ಣ ಮೈಮೇಲೆ ಸಿಡಿಯದಿರಲೆಂದು ಅವಳು ಕಾರ್ಖಾನೆಯ ಕಿತ್ತಳೆ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡೇ ಹೋಗುತ್ತಾಳೆ. ಅದನ್ನು ಕಂಡ ಜನರಿಗೆ ಒಂದೇ ಅರ್ಥ: ಪಾಲಿಕೆಯವರು. ಒಮ್ಮೆ ಒಬ್ಬರು ಕೇಳಿದರು:

“ಮೇಡಂ, ನಮ್ ಕ್ರಾಸ್ ಚರಂಡಿ ಯಾವಾಗ್ ಮಾಡ್ತೀರಾ?”

ನಾನಾಗಿದ್ದರೆ ನಾನು ಅವರಲ್ಲ ಎನ್ನುತ್ತಿದ್ದೆ. ಚಿಕ್ಕಮ್ಮ, “ಎಷ್ಟು ದಿನದಿಂದ ಹಿಂಗಿದೆ?” ಎಂದು ವಿಚಾರಿಸಿದಳು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಮ್ಮೆ ವಾರ್ಡ್ ಆಫೀಸಿಗೆ ಫೋನ್ ಮಾಡಿದಳು. ಏಳನೆಯ ದಿನ ಚರಂಡಿಯ ಮೇಲೆ ಚಪ್ಪಡಿ ಬಿತ್ತು. ಈಗ ಆ ಕ್ರಾಸಿನವರು ಇವಳನ್ನು ಇಂಜಿನಿಯರಮ್ಮ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದಿದವಳು ನಾನು. ನನ್ನನ್ನು ಯಾರೂ ಹಾಗೆ ಕರೆದಿಲ್ಲ.

ಒಂದು ಭಾನುವಾರ ಮಹದೇವಪುರದ ಕಡೆಯಿಂದ ಮೂರು ಹುಡುಗರು ಬೈಕಿನಲ್ಲಿ ಬಂದರು. ಅವರೂ ಗೋಡೆಗೆ ಬರೆಯುವವರೇ, ಇಂಗ್ಲಿಷಿನಲ್ಲಿ. ಅಕ್ಷರಗಳು ಒಂದರ ಕತ್ತು ಒಂದು ಹಿಸುಕುತ್ತ, ತುದಿಗಳಲ್ಲೆಲ್ಲ ಬಾಣಗಳು ಚುಚ್ಚಿಕೊಂಡಿರುತ್ತವಲ್ಲ, ಆ ಜಾತಿ. ಫೋನಿನಲ್ಲಿ ತಮ್ಮ ಕೆಲಸ ತೋರಿಸಿದರು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

“ಚೆನ್ನಾಗಿದೆ. ಬಾಣ ಯಾಕಪ್ಪ? ಯಾರ್ ಮೇಲೆ ಗುರಿ?”

“ಸ್ಟೈಲು ಆಂಟಿ.”

“ಏನ್ ಬರೆದಿದ್ದೀರಾ?”

“ನಮ್ ಹೆಸರು. ಓದೋಕ್ ಬರ್ಬಾರ್ದು, ಅದೇ ಸ್ಟೈಲು.”

“ಅದನ್ನ ಡಾಕ್ಟ್ರು ಬಣ್ಣ ಇಲ್ದೇನೇ ಮಾಡ್ತಾರಲ್ಲ,” ಎಂದು ಒಬ್ಬನ ಕೈಗೆ ಡಬ್ಬಿ ಕೊಟ್ಟಳು. “ತಗೋ, ಒಂದು ‘ಕ್ಷ’ ಬರಿ ನೋಡೋಣ.”

ಅವನು ಬರೆದ. ಅದು ಮಳೆಗೆ ಸಿಕ್ಕಿದ ಕೊಡೆಯ ಹಾಗಿತ್ತು. ಇನ್ನಿಬ್ಬರು, “ಮಚ್ಚಾ, ಏನೋ ಇದು, ಜಿಲೇಬಿನಾ?” ಎಂದು ನಕ್ಕರು. ಚಿಕ್ಕಮ್ಮ ನಗಲಿಲ್ಲ. “ಕೈ ಸರಿಯಾಗಿದೆ ನಿಂದು. ಸೊಂಟ ಸೇರ್ಕೊಂಡಿಲ್ಲ. ಇಂಗ್ಲಿಷ್‌ಗೆ ಮೊಣಕೈ ಸಾಕು ಕಣಪ್ಪ, ನಿಂತಲ್ಲೇ ನಿಂತು ಎಳೀಬಹುದು. ಕನ್ನಡ ದುಂಡಗೆ. ಅಕ್ಷರ ತಿರುಗೋ ಕಡೆ ನೀನೂ ತಿರುಗ್ಬೇಕು,” ಎಂದು ತಾನೇ ಬರೆದು ತೋರಿಸಿದಳು. ನಲವತ್ತಾರು ವರ್ಷದ ಹೆಂಗಸು, ಹೆಲ್ಮೆಟ್ಟು ಹಾಕಿಕೊಂಡು, ಗೋಡೆಯ ಮುಂದೆ ಒಂದು ಸುತ್ತು ಬಾಗಿ, ತಿರುಗಿ, ಕಾಲು ಬದಲಿಸಿ ನಿಂತಳು. ಗೋಡೆಯ ಮೇಲೆ ಒಂದೇ ಉಸಿರಿನ ‘ಕ್ಷ’ ಇತ್ತು. ಹುಡುಗರು ಬೈಕಿನ ಎಂಜಿನ್ ಆಫ್ ಮಾಡಿದರು. ಅಲ್ಲಿಯವರೆಗೂ ಅದು ಓಡುತ್ತಲೇ ಇತ್ತು.

ನಮ್ಮ ಆಫೀಸಿನ ಎದುರಿನ ಬಸ್ ನಿಲ್ದಾಣದ ಹಿಂದೆಯೂ ಅವಳ ಒಂದು ಪ್ರಶ್ನೆಯಿದೆ: ‘ಮನೆಗಾ?’ ಅದರ ಕೆಳಗೆ ಯಾರೋ ಮಾರ್ಕರಿನಲ್ಲಿ, ‘ಇನ್ನೂ ಇಲ್ಲ, ಏಳಕ್ಕೆ ಮೀಟಿಂಗ್’ ಎಂದು ಬರೆದಿದ್ದಾರೆ. ನನ್ನ ಸಹೋದ್ಯೋಗಿಗಳು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬರೆದವನು ಮುಂಬೈಯವನೆಂದು ಒಬ್ಬಳು, ಫ್ರಾನ್ಸಿನಲ್ಲಿ ಕಲಿತು ಬಂದವನೆಂದು ಇನ್ನೊಬ್ಬ. ನಾನು ಕೇಳುತ್ತ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಾಚಿಕೆಯಿಂದಲ್ಲ. ಬಹಳ ಇಷ್ಟವಾದದ್ದನ್ನು ಕೈಯಿಂದ ಕೈಗೆ ದಾಟಿಸಲು ನನಗೆ ಬರುವುದಿಲ್ಲ, ಅಷ್ಟೇ. ಆವತ್ತು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ: ಅವನು ಫ್ರಾನ್ಸಿನವನಲ್ಲ, ‘ಅವನು’ ಕೂಡ ಅಲ್ಲ.

ಕಳೆದ ಬೇಸಿಗೆಯಲ್ಲಿ ಚಿಕ್ಕಮ್ಮನ ಬಲಗೈಯ ತೋರುಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳತೊಡಗಿತು. ಬಿಡಿಸಲು ಇನ್ನೊಂದು ಕೈಯಿಂದ ಎಳೆಯಬೇಕು, ಆಗ ಟಕ್ ಎಂದು ಸದ್ದು. ಒಂದು ತಿಂಗಳು ಅವಳು ಅದನ್ನು ಮುಚ್ಚಿಟ್ಟಳು. ಚಪಾತಿ ಲಟ್ಟಿಸುವಾಗ ಅಮ್ಮನಿಗೆ ಆ ಸದ್ದು ಕೇಳಿಸಿತು. ನಾನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

“ಏನ್ ಕೆಲಸ ಮಾಡ್ತೀರಮ್ಮ?” ಡಾಕ್ಟರು ಕೇಳಿದರು.

“ಗನ್ ಹೊಡೀತೀನಿ ಡಾಕ್ಟ್ರೇ, ಇಪ್ಪತ್ತು ವರ್ಷದಿಂದ.”

ಡಾಕ್ಟರು ನನ್ನ ಮುಖ ನೋಡಿದರು. “ಪೇಂಟ್ ಗನ್ನು,” ಎಂದೆ.

ಬೆರಳಿನೊಳಗಿನ ನರ ಜಾರುವ ದಾರಿ ಊದಿಕೊಂಡಿದೆ, ಒತ್ತಿ ಒತ್ತಿ ಹೀಗಾಗಿದೆ, ಸೋಮವಾರ ಬೆಳಿಗ್ಗೆ ಸಣ್ಣ ಆಪರೇಷನ್ ಮಾಡೋಣ, ಆಮೇಲೆ ಆರು ವಾರ ಏನನ್ನೂ ಒತ್ತಬಾರದು ಎಂದರು.

“ಆಮೇಲೆ ಒತ್ತಬಹುದಾ?”

“ಮೊದಲಿನ ಬಲ ಬರುತ್ತೋ ಇಲ್ವೋ, ಆಗ ನೋಡೋಣಮ್ಮ.”

ಹೊರಗೆ ಬಂದು ಔಷಧಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಆ ಹುಡುಗ್ರಿಗೆ ಇದನ್ನ ತೋರಿಸ್ಬೇಕು. ಇದು ಸ್ಟೈಲು,” ಎಂದಳು. ಬಸ್ಸು ಹತ್ತಿದ ಮೇಲೆ ಮನೆಯವರೆಗೂ ಎಡಗೈಯಿಂದ ಆ ಬೆರಳನ್ನು ನೀವುತ್ತ ಕೂತಳು.

ಸೋಮವಾರ ಎಂದದ್ದೇ ತೊಂದರೆ. ಆ ಸೋಮವಾರವೇ ರಜೆ ಮುಗಿದು ಶಾಲೆ ಶುರು. ನಮ್ಮ ಸರ್ಕಾರಿ ಶಾಲೆಯ ಹೆಡ್ ಮಿಸ್ಸು ಗೇಟಿನ ಪಕ್ಕದ ಉದ್ದ ಗೋಡೆಯನ್ನು ಚಿಕ್ಕಮ್ಮನಿಗೆ ಒಪ್ಪಿಸಿದ್ದರು. ಅವರಿಗೆ ‘ಶಾಲೆಗೆ ಬನ್ನಿ’ ಎಂದು ಬೇಕಿತ್ತು, ಪಕ್ಕದಲ್ಲಿ ನವಿಲು. ಚಿಕ್ಕಮ್ಮ ಒಪ್ಪಲಿಲ್ಲ. ಅವಳೂ ಏಳನೆಯವರೆಗೆ ಓದಿದ್ದು ಅಲ್ಲೇ. ಮೂರನೆಯ ತರಗತಿಯಲ್ಲಿ ಸೀತಾಳೆ ಸಿಡುಬೆದ್ದು ಒಂದು ತಿಂಗಳು ಮನೆಯಲ್ಲಿದ್ದು, ಮುಖದ ತುಂಬ ಕಲೆ ಹೊತ್ತು ಹೆದರುತ್ತ ವಾಪಸು ಹೋದಾಗ, ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಒಂದೇ ಮಾತು ಕೇಳಿದರಂತೆ: “ಬಂದ್ಯಾ?” ಮೂವತ್ತೆಂಟು ವರ್ಷದ ಮೇಲೆ ಆ ಮಾತನ್ನು ಆಳೆತ್ತರಕ್ಕೆ ಬರೆಯಲು ಹೊರಟಿದ್ದಳು. ನವಿಲಿಲ್ಲದೆ.

ಮೂರು ಭಾನುವಾರಗಳಲ್ಲಿ ಅಕ್ಷರಗಳು ಮುಗಿದಿದ್ದವು. ಆಪರೇಷನ್ನಿನ ಹಿಂದಿನ ದಿನಕ್ಕೆ ಪ್ರಶ್ನಾರ್ಥಕ ಚಿಹ್ನೆಯೊಂದು ಬಾಕಿ. ಅದರ ಕೊಕ್ಕೆಯನ್ನು ಅವಳು ಎಳೆದದ್ದನ್ನು ನಾನು ನೋಡಿದ್ದೇನೆ. ತುಟಿ ಕಚ್ಚಿಕೊಂಡು, ಮೇಲಿನಿಂದ ಸುತ್ತಿ, ಸೊಂಟದೊಂದಿಗೆ ಇಳಿದು ಬಂದಳು. ಗೆರೆ ಎಲ್ಲೂ ನಡುಗಲಿಲ್ಲ. ಉಳಿದದ್ದು ಚುಕ್ಕಿ. ಚುಕ್ಕಿ ಅವಳಿಗೆ ಇಡೀ ಕೆಲಸದ ಪರೀಕ್ಷೆ. ಅಗಲವಾಗಿ ಉಗುಳುವ ಆ ಹಳದಿ ನಾಜಲ್ ಚುಕ್ಕಿಗೆ ಮಾತ್ರ. ಒಂದು ಗೇಣು ದೂರದಲ್ಲಿ, ಉಸಿರು ಹಿಡಿದು, ಒಂದೇ ಸಲ ಒತ್ತಬೇಕು. ಮನಸ್ಸಿನಲ್ಲಿ ‘ಒಂದು’ ಎನ್ನುವಷ್ಟರಲ್ಲಿ ಬಿಡಬೇಕು. ಎರಡನೆಯ ಸಲ ತಿದ್ದಿದರೆ ಅದು ಚುಕ್ಕಿಯಲ್ಲ, ಕಲೆ. “ಎಷ್ಟು ದೊಡ್ಡ ಪ್ರಶ್ನೆಗಾದ್ರೂ ಅಂಗೈಯಗಲದ ಬೊಟ್ಟು ಸಾಕು,” ಎನ್ನುತ್ತಾಳೆ.

ಹಳದಿ ನಾಜಲ್ ಹಾಕಿ, ಡಬ್ಬಿ ಎತ್ತಿ, ಗೇಣು ಅಳೆದಳು. ಬೆರಳು ಸಿಕ್ಕಿಕೊಂಡಿತು. ಎಡಗೈಯಿಂದ ಬಿಡಿಸಿದಳು, ಟಕ್. ಮತ್ತೆ ಎತ್ತಿದಳು, ಮತ್ತೆ ಸಿಕ್ಕಿತು. ಐದಾರು ಸಲ ಹೀಗಾಯಿತು. ಕೊನೆಗೆ ಬೆರಳು ಮಡಚಿದ್ದು ಮಡಚಿದ ಹಾಗೆಯೇ ಉಳಿಯಿತು. ಬಿಸಿಲೇರಿ ಗಾಳಿ ಶುರುವಾಗಿತ್ತು. ಊದುಬತ್ತಿಯ ಹೊಗೆ ಅಡ್ಡಡ್ಡ ಓಡುತ್ತಿತ್ತು.

“ಎಡಗೈಲಿ ಒತ್ತು ಚಿಕ್ಕಮ್ಮ.”

“ಮಕ್ಕಳನ್ನ ಎಡಗೈಲಿ ವಿಚಾರಿಸ್ತಾರೇನೇ?”

“ನಾನು ಒತ್ತಲಾ?”

“ಬೇಡ ಬಿಡು. ನಿಂಗೆ ತಪ್ಪಾಗುತ್ತೆ ಅಂತ ಭಯ ಜಾಸ್ತಿ. ಭಯ ಇದ್ರೆ ಕೈ ಹತ್ರ ಹೋಗುತ್ತೆ.”

ಅದು ನಿಜ. ಅವಳು ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಳು. ಚುಕ್ಕಿಯಿಲ್ಲದ ಕೊಕ್ಕೆಯನ್ನು ನೋಡಿದಳು. ಆರು ವರ್ಷಗಳಲ್ಲಿ ಮೊದಲ ಸಲ ಉತ್ತರ ಕೊಡದೆ ಮನೆಗೆ ನಡೆದಳು.

ಸಂಜೆ ಸಿಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಡಗೈಯಿಂದ ನಾಜಲ್‌ಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದೆ. “ಅಪಾಯ ಬರಿಯೋಕೆ ಅಚ್ಚಿದೆ, ಯಾರಾದ್ರೂ ಹೊಡೀತಾರೆ,” ಎಂದಳು. ನನಗೆ ಹೇಳಿದ್ದೋ, ಬಾಟಲಿಗೆ ಹೇಳಿದ್ದೋ. ಇನ್ನೊಂದು ನಾಜಲ್ ತೊಳೆದಿಟ್ಟು, “ಮತ್ತೆ ಒತ್ತೋಕಾಗುತ್ತಾ ಪುಟ್ಟಿ?” ಎಂದು ಕೇಳಿದಳು. ಅವಳ ಪ್ರಶ್ನೆಗಳಲ್ಲಿ ನನಗೆ ಉತ್ತರ ಗೊತ್ತಿಲ್ಲದ್ದು ಅದೊಂದೇ. “ಆಗುತ್ತೆ,” ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದೆ. ಮೇಜಿನ ಮೇಲೆ, ನನ್ನ ಆಫೀಸಿನ ಗುರುತಿನ ಚೀಟಿಯ ಮೇಲೆ, ಹಳದಿ ನಾಜಲ್ ಇತ್ತು. ಅದಕ್ಕೆ ಕೆಂಪು ದಾರದ ತುಂಡೊಂದು ಸುತ್ತಿತ್ತು. ಬಿಚ್ಚಿ ನನ್ನ ಗೇಣಿಗೆ ಹಿಡಿದು ನೋಡಿದೆ. ನನ್ನದಕ್ಕಿಂತ ಅರ್ಧ ಅಂಗುಲ ಉದ್ದವಿತ್ತು. ಅದು ಅವಳ ಗೇಣು.

ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಎದ್ದಿದ್ದಾಳೆಂದು ಗೊತ್ತಾಗುವಷ್ಟು ನಿಶ್ಶಬ್ದ. ಜಾಕೆಟ್ಟು ಹಾಕಿಕೊಂಡೆ, ಹೆಲ್ಮೆಟ್ಟೂ ಹಾಕಿಕೊಂಡೆ, ಡಬ್ಬಿಯ ಚೀಲ ಎತ್ತಿಕೊಂಡೆ. ಶಾಲೆಯ ಗೋಡೆಯ ಬಿರುಕಿಗೆ ಊದುಬತ್ತಿ ಸಿಕ್ಕಿಸಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಗೋಲಿಯ ದನಿ ಮೆತ್ತಗಾಗುವವರೆಗೆ ಡಬ್ಬಿ ಅಲುಗಿಸಿದೆ. ದಾರದ ಒಂದು ತುದಿಯನ್ನು ಗೋಡೆಗೆ, ಇನ್ನೊಂದನ್ನು ನಾಜಲ್ಲಿಗೆ ಹಿಡಿದು, ಕೈಯನ್ನು ಅಲ್ಲೇ ನಿಲ್ಲಿಸಿ, ದಾರ ಬಿಟ್ಟೆ. ಉಸಿರು ಹಿಡಿದೆ. ಒಂದು.

ಚುಕ್ಕಿ ಕೂತಿತು. ಅಳಲಿಲ್ಲ. ಡಬ್ಬಿಯ ಮೂಗು ಸೀಟಿಸಿ ಚೀಲಕ್ಕೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತು, ರಸ್ತೆಯ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದೆ. ಆ ಕಡೆಯಿಂದ ಹಾಲಿನವನು ಬರುತ್ತಿದ್ದ. ಬರಲಿ ಎಂದುಕೊಂಡು, ಗಟ್ಟಿಯಾಗಿ, “ಬಂದೆ,” ಎಂದೆ.